ಗೀಳಿಗೆ ಒಂದು ಜೀನ್ ಅಲ್ಲ, ಸಾವಿರಾರು ವ್ಯತ್ಯಾಸಗಳು!

ಹಲಸೂರಿನ ಮನೆಯೊಂದರಲ್ಲಿ ಹುಡುಗನೊಬ್ಬ ನಲ್ಲಿ ಬಿಟ್ಟುಕೊಂಡು ಕೈ ತೊಳೆಯುತ್ತಲೇ ಇದ್ದಾನೆ ಎಂದುಕೊಳ್ಳಿ. ಬೆರಳ ಸಂದಿ ಬಿರಿದಿದೆ, ಸೋಪು ತಾಗಿದರೆ ಉರಿ. ಕೈ ಶುದ್ಧವಾಗಿದೆ ಅಂತ ಅವನಿಗೂ ಗೊತ್ತು, ಆದರೂ ನಿಲ್ಲಿಸಲಾರ. ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ: "ಅಜ್ಜೀನೂ ಹೀಗೇ ಮಡಿ ಮಡಿ ಅಂತಿದ್ದಳು. ವಂಶದಲ್ಲೇ ಬಂದಿದೆ." ಈ ಮಾತು ಎಷ್ಟು ನಿಜ? ಹುಡುಕಿಕೊಂಡು ಹೊರಟರೆ ಮೈ ಜುಮ್ಮೆನ್ನುವ ಕಥೆಯೇ ತೆರೆದುಕೊಳ್ಳುತ್ತದೆ!

ಉತ್ತರದ ಮೊದಲ ತುಣುಕು ನಮ್ಮ ಬೆಂಗಳೂರಿನಲ್ಲೇ ಇದೆ. ಗೀಳಿನ ಕಾಯಿಲೆ (ಒಸಿಡಿ) ಇದ್ದ ಮಕ್ಕಳ ಹತ್ತಿರದ ರಕ್ತಸಂಬಂಧಿಗಳನ್ನು ನಿಮ್ಹಾನ್ಸ್‌ನ ವೈ.ಸಿ. ಜನಾರ್ದನ ರೆಡ್ಡಿ ಮತ್ತು ಜೊತೆಗಾರರು ಪರೀಕ್ಷಿಸಿ, 2001ರಲ್ಲಿ ವರದಿ ಪ್ರಕಟಿಸಿದರು. ಹೋಲಿಕೆಗೆ ಆರಿಸಿದ ಮಕ್ಕಳ ಸಂಬಂಧಿಕರಲ್ಲಿ ಒಬ್ಬರಿಗೂ ಗೀಳಿರಲಿಲ್ಲ. ಗೀಳಿದ್ದ ಮಕ್ಕಳ ಸಂಬಂಧಿಕರಲ್ಲಿ ಅದರ ಅಪಾಯ ಸುಮಾರು ಶೇ. 5. ವಂಶದ ನಂಟು ಸುಳ್ಳಲ್ಲ ಎಂದಾಯಿತು. ಆದರೆ ಅದೇ ಅಂಕಿಯನ್ನು ಮಗುಚಿ ಹಾಕಿ ನೋಡಿ: ಹೆಚ್ಚಿನ ಮಕ್ಕಳ ಹತ್ತಿರದವರಲ್ಲಿ ಇನ್ಯಾರಿಗೂ ಆ ಕಾಯಿಲೆ ಇರಲೇ ಇಲ್ಲ!

ಅವಳಿಗಳ ಅಧ್ಯಯನಗಳು ಮಾತ್ರ ಬೇರೆ ರಾಗ ಹಾಡುತ್ತವೆ. ಗೀಳು ಬರುವ ಸಂಭವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ. 40ರಿಂದ 50ರಷ್ಟು ಅನುವಂಶೀಯ ಎನ್ನುತ್ತವೆ ಅವು. ಹಾಗಿದ್ದರೆ ಆ ಜೀನ್ ಯಾವುದು? ಸೆರೊಟೋನಿನ್ ಸಾಗಿಸುವ ಜೀನ್, ಗ್ಲುಟಮೇಟ್ ಸಾಗಿಸುವ ಎಸ್‌ಎಲ್‌ಸಿ1ಎ1 ಜೀನ್, ಹೀಗೆ ಒಂದೊಂದನ್ನೇ ಹಿಡಿದು ವರ್ಷಗಟ್ಟಲೆ ಹುಡುಕಿದರು. ಒಂದು ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಕೈಗೆ ಸಿಗಲಿಲ್ಲ. 2018ರಲ್ಲಿ 2,688 ರೋಗಿಗಳ ಇಡೀ ಜೀನೋಮ್ ಜಾಲಾಡಿದರೂ ಖಚಿತವಾದ ಒಂದೇ ಒಂದು ತಾಣ ಕಾಣಿಸಲಿಲ್ಲ.

ಆಮೇಲೆ 2025 ಬಂತು! ಈ ಬಾರಿ 53,660 ರೋಗಿಗಳು, ಹೋಲಿಕೆಗೆ 20 ಲಕ್ಷಕ್ಕೂ ಹೆಚ್ಚು ಜನ. ಜೀನೋಮಿನಲ್ಲಿ 30 ತಾಣಗಳು ಒಮ್ಮೆಗೇ ಬೆಳಗಿದವು. ಇನ್ನೂ ಬೆರಗಿನದು, ಗೀಳಿನ ಹಿಂದೆ ಸುಮಾರು 11,500 ಸಣ್ಣಪುಟ್ಟ ವ್ಯತ್ಯಾಸಗಳು ಕೆಲಸ ಮಾಡುತ್ತಿವೆ ಎಂಬ ಅಂದಾಜು. ಒಂದೊಂದರ ಪ್ರಭಾವ ಇದ್ದೂ ಇಲ್ಲದಂತೆ; ಹನಿಗೂಡಿದರೆ ಹಳ್ಳ. ಅವುಗಳಲ್ಲಿ ಹಲವು ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ.

ಇಷ್ಟಾದರೂ ಈ ಸಾಮಾನ್ಯ ವ್ಯತ್ಯಾಸಗಳೆಲ್ಲ ಸೇರಿ ವಿವರಿಸುವುದು ಗೀಳು ಬರುವ ಸಂಭವದಲ್ಲಿನ ವ್ಯತ್ಯಾಸದ ಶೇ. 6.7ರಷ್ಟನ್ನು ಮಾತ್ರ. ಅವಳಿಗಳ ಲೆಕ್ಕಕ್ಕೂ ಇದಕ್ಕೂ ನಡುವೆ ದೊಡ್ಡ ಕಂದಕವೇ ಇದೆ; ಅಪರೂಪದ ವ್ಯತ್ಯಾಸಗಳು ಅದರ ಒಂದು ಪಾಲನ್ನಾದರೂ ತುಂಬಬೇಕು. ಆದ್ದರಿಂದ ರಕ್ತ ಕೊಟ್ಟು "ನನ್ನ ಮಗಳಿಗೂ ಬರುತ್ತದಾ?" ಎಂದು ತಿಳಿಯುವ ಪರೀಕ್ಷೆ ಇಲ್ಲ. ಅಜ್ಜಿಯ ಮಡಿಯನ್ನು ನೆಪ ಮಾಡಿ ಹೆಣ್ಣಿನ ಸಂಬಂಧ ಮುರಿಯುವವರಿಗೆ ವಿಜ್ಞಾನದ ಆಸರೆಯಂತೂ ಸಿಗದು. ಜೀನ್ ಏನೇ ಹೇಳಲಿ, ಔಷಧಿಗೂ, ಭಯವನ್ನು ಹಂತಹಂತವಾಗಿ ಎದುರಿಸಿ ಕೈ ತೊಳೆಯುವುದನ್ನು ತಡೆಹಿಡಿಯುವ ಚಿಕಿತ್ಸೆಗೂ ಬಹಳಷ್ಟು ಜನ ಸ್ಪಂದಿಸುತ್ತಾರೆ.

ಇನ್ನೊಂದು ಮಾತು. ಆ 53,660 ಜನ ಹೆಚ್ಚಾಗಿ ಯುರೋಪ್ ಮೂಲದವರು. ಅವರಲ್ಲಿ ಕಂಡದ್ದೇ ನಮ್ಮಲ್ಲೂ ಇರಬೇಕೆಂದಿಲ್ಲ. 1809ರಲ್ಲಿ ಬ್ರಿಟಿಷರ ದಂಡು ಬಂದಂದಿನಿಂದ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದ ನಮ್ಮ ಪೂರ್ವ ಬೆಂಗಳೂರನ್ನೇ ನೋಡಿ: ಶಿವಾಜಿನಗರದ ಉರ್ದು, ಹಲಸೂರಿನ ತಮಿಳು, ಕೆ.ಆರ್. ಪುರದ ತೆಲುಗು, ಎಲ್ಲರ ನಡುವೆ ಕನ್ನಡ. ಒಳಸಂಬಂಧದಲ್ಲೇ ಮದುವೆಯಾಗುತ್ತ ಬಂದ ಎಷ್ಟೊಂದು ಕುಲಗಳು! ಇವರ ಜೀನೋಮಿನಲ್ಲಿ ಏನೇನು ಅಡಗಿದೆಯೋ!

ಆ ಹುಡುಕಾಟವೂ ನಮ್ಮೂರಲ್ಲೇ ಶುರುವಾಗಿದೆ. ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಗಳು ಕೂಡಿ, ಒಂದಕ್ಕಿಂತ ಹೆಚ್ಚು ಜನರಿಗೆ ತೀವ್ರ ಮನೋರೋಗವಿರುವ ಕುಟುಂಬಗಳನ್ನು ಅಭ್ಯಾಸ ಮಾಡತೊಡಗಿದವು. ಅದಕ್ಕೆ ಆರಿಸಿಕೊಂಡ ಐದು ಕಾಯಿಲೆಗಳಲ್ಲಿ ಗೀಳೂ ಒಂದು. ತೋಳಿನಿಂದ ತೆಗೆದ ರಕ್ತದ ಕೋಶಗಳನ್ನು ಆಕರಕೋಶಗಳಾಗಿ (ಸ್ಟೆಮ್ ಸೆಲ್) ಹಿಂದಕ್ಕೆ ತಿರುಗಿಸಿ, ಅವುಗಳಿಂದ ನರಕೋಶ ಬೆಳೆಸುತ್ತಾರೆ. ತಲೆಬುರುಡೆ ಮುಟ್ಟದೆಯೇ ರಕ್ತ ಕೊಟ್ಟ ಮನುಷ್ಯನ ನರಕೋಶ ಗಾಜಿನ ತಟ್ಟೆಯಲ್ಲಿ! ಅದೇ ಕುಟುಂಬದಲ್ಲಿ ಕಾಯಿಲೆ ಬಾರದವರ ಕೋಶಗಳನ್ನೂ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಅಣ್ಣನಿಗೆ ಬಂದದ್ದು ತಮ್ಮನಿಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಈಗ ನೇರವಾಗಿ ಆ ಕೋಶಗಳನ್ನೇ ಕೇಳಬಹುದು.