ಬೆಳೆ ಕೋಣೆಯಲ್ಲಿ ಇಂಗಾಲದ ಡೈ ಆಕ್ಸೈಡ್: ಬಳಕೆ ಮತ್ತು ಮುನ್ನೆಚ್ಚರಿಕೆ

ವಿಜಯಪುರ, ಕಲಬುರಗಿ ಕಡೆಯ ಜೋಳದ ರೈತರಿಗೆ ಹಗೇವಿನ ಅಪಾಯವನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರಾಟದಿಂದ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಗಾಳಿಯಾಡಿಸದೆ ಇಳಿದವರು ಮೇಲೆ ಬಾರದೆ ಹೋದದ್ದುಂಟು. ಇದೇ ಅನಿಲವನ್ನು ಸಿಲಿಂಡರಿನಲ್ಲಿ ತರಿಸಿ, ವಿದ್ಯುದ್ದೀಪದ ಬೆಳಕಿನಲ್ಲಿ ಲೆಟ್ಯೂಸ್, ಟೊಮ್ಯಾಟೊ ಮುಂತಾದವನ್ನು ಬೆಳೆಯುವ ಕೋಣೆಗೆ ಬಿಡುವ ಪದ್ಧತಿಯೂ ಇದೆ. ಬಿಡುವುದು ತಪ್ಪಲ್ಲ, ಲೆಕ್ಕ ತಿಳಿದು ಬಿಡಬೇಕು.

ಹೊರಗಿನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಈಗ ಸುಮಾರು 420 ಭಾಗವಿದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳೆ ಅದನ್ನು ಹೀರಿ 200ರ ಸಮೀಪಕ್ಕೆ ಇಳಿಸಬಲ್ಲದು; ಆಗ ಬೆಳವಣಿಗೆ ಕುಂಠಿತವಾಗುತ್ತದೆ. ಫ್ಯಾನು ಹಾಕಿ ಹೊರಗಾಳಿ ತಂದರೆ ಮತ್ತೆ 420 ಬರುತ್ತದೆ, ಅದಕ್ಕೆ ಕಾಸು ಖರ್ಚಿಲ್ಲ. ಮೊದಲು ಇಷ್ಟನ್ನು ಮಾಡಿರಿ. ಬೆಳಕು, ನೀರು, ಪೋಷಕಾಂಶ ಎಲ್ಲವೂ ಸರಿಯಾಗಿದ್ದ ಮೇಲೆ ಮಾತ್ರ 800ರಿಂದ 1,000 ಭಾಗಕ್ಕೆ ಏರಿಸುವುದು ಫಲಕಾರಿ. ಮುಸುಕಿನ ಜೋಳದಂಥ ಬೆಳೆಗೆ ಇದರಿಂದ ಹೆಚ್ಚಿನ ಲಾಭವಿಲ್ಲ. ಪಕ್ಕ ತೆರೆದ ಪಾಲಿಹೌಸಿಗೆ ಸಿಲಿಂಡರ್ ಕೊಳ್ಳುವುದಂತೂ ಹಣವನ್ನು ಗಾಳಿಗೆ ತೂರಿದಂತೆಯೇ.

ಈಗ ಲೆಕ್ಕ ನೋಡೋಣ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 60,000 ಲೀಟರ್ ಗಾಳಿ ಇರುತ್ತದೆ. ಅದನ್ನು 400ರಿಂದ 1,000 ಭಾಗಕ್ಕೆ ಏರಿಸಲು ಬೇಕಾದ ಅನಿಲ 36 ಲೀಟರ್, ತೂಕದಲ್ಲಿ ಸುಮಾರು 65 ಗ್ರಾಂ. ಮೂಲೆಯಲ್ಲಿ ನಿಲ್ಲಿಸಿರುವ ಸಿಲಿಂಡರಿನಲ್ಲಿರುವುದೋ 30 ಕಿಲೋ! ಅದರಲ್ಲಿ 5 ಕಿಲೋ ಸೋರಿದರೂ ಕೋಣೆಯಲ್ಲಿ ನೂರಕ್ಕೆ 4 ಭಾಗ ದಾಟುತ್ತದೆ. ಅದು ಜೀವಕ್ಕೆ ಕೂಡಲೇ ಅಪಾಯವೆಂದು ಗುರುತಿಸಿದ ಮಟ್ಟ. ಪೂರ್ತಿ ಸೋರಿದರೆ ನೂರಕ್ಕೆ 20ನ್ನೂ ಮೀರುತ್ತದೆ. ನೂರಕ್ಕೆ 10 ಆದರೇ ಕೆಲವೇ ನಿಮಿಷಗಳಲ್ಲಿ ಮನುಷ್ಯನಿಗೆ ಪ್ರಜ್ಞೆ ತಪ್ಪುತ್ತದೆ.

ಆದ್ದರಿಂದ ಸಿಲಿಂಡರ್ ಕೋಣೆಯ ಹೊರಗೇ ಇರಬೇಕು: ನೆರಳಿನಲ್ಲಿ, ನೆಟ್ಟಗೆ, ಗೋಡೆಗೆ ಸರಪಳಿ ಬಿಗಿದು. 31 ಡಿಗ್ರಿ ಸೆಲ್ಸಿಯಸ್ ಮೀರಿದರೆ ಒಳಗಿನ ಅನಿಲ ದ್ರವವಾಗಿ ಉಳಿಯುವುದಿಲ್ಲ, ಒತ್ತಡ ಬೇಗ ಏರುತ್ತದೆ. ನಮ್ಮ ಬೇಸಿಗೆ ಎಷ್ಟೆಂಬುದು ತಮಗೆ ಗೊತ್ತೇ ಇದೆ. ಕೊಳವೆಯ ಕವಾಟವು ಕರೆಂಟು ಹೋದಾಗ ತಾನಾಗಿ ಮುಚ್ಚಿಕೊಳ್ಳುವ ಜಾತಿಯದಾಗಿರಲಿ. ಫ್ಯಾನು ನಿಂತು ಅನಿಲ ಮಾತ್ರ ಹರಿಯುತ್ತಿದ್ದರೆ ಗತಿಯೇನು?

ಫ್ಯಾನು ಮತ್ತು ಅನಿಲ ಒಟ್ಟಿಗೆ ನಡೆಯಬಾರದು. ಗಂಟೆಗೆ 10 ಬಾರಿ ಗಾಳಿ ಬದಲಾಗುವ ಆ ಕೋಣೆಯಲ್ಲಿ 1,000 ಭಾಗ ಕಾಯ್ದುಕೊಳ್ಳಲು ಗಂಟೆಗೆ 650 ಗ್ರಾಂ ಬೇಕು. ಬಹುಪಾಲು ಹೊರಕ್ಕೇ ಹೋಗುತ್ತದೆ. ಹೊರದಬ್ಬುವ ಫ್ಯಾನು ತಿರುಗಿದಾಗ ಕವಾಟ ಮುಚ್ಚುವಂತೆ ಜೋಡಣೆ ಮಾಡಿಸಿರಿ. ದೀಪ ಆರಿದ ಮೇಲೆ ಅನಿಲ ಬೇಡ, ಕತ್ತಲಲ್ಲಿ ಗಿಡ ಅದನ್ನು ಬಳಸುವುದಿಲ್ಲ.

ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಣ್ಣವಿಲ್ಲ, ವಾಸನೆಯನ್ನು ನಂಬಿ ಕೂರುವಂತಿಲ್ಲ. ಬೆಳೆಯ ಮಟ್ಟದಲ್ಲೊಂದು ಮಾಪಕವಿದ್ದರೆ ಸಾಲದು. ನೆಲದಿಂದ ಒಂದೂವರೆ ಅಡಿ ಮೇಲೆ, ಬ್ಯಾಟರಿಯಿಂದಲೂ ನಡೆಯುವ ಇನ್ನೊಂದನ್ನು ಇಟ್ಟು, ಅದರ ಗಂಟೆ ಮತ್ತು ಅಂಕಿ ಬಾಗಿಲ ಹೊರಗೆ ಕಾಣುವಂತಿರಲಿ. 5,000 ಭಾಗಕ್ಕೆ ಗಂಟೆ ಬಾರಿಸಬೇಕು. ಎಂಟು ಗಂಟೆಯ ದುಡಿಮೆಗೆ ಒಪ್ಪಿದ ಮಿತಿ ಅದು. ತಿಂಗಳಿಗೊಮ್ಮೆ ಮಾಪಕವನ್ನು ಬಯಲಿಗೆ ತಂದು 420ರ ಆಸುಪಾಸು ತೋರಿಸುತ್ತದೆಯೇ ನೋಡಿರಿ. ದೀಪ ಹಚ್ಚಿ ಪರೀಕ್ಷಿಸುವ ಹಳೆಯ ರೂಢಿಯನ್ನು ಮಾತ್ರ ಇಲ್ಲಿ ನೆಚ್ಚಬೇಡಿ: ದೀಪ ಆರುವ ಮೊದಲೇ ಮನುಷ್ಯ ಕುಸಿಯಬಹುದು.

ಖರ್ಚು ಉಳಿಸಲು ಕೋಣೆಯೊಳಗೆ ಇದ್ದಿಲು, ಸೀಮೆಎಣ್ಣೆ ಉರಿಸುವುದು ಸರ್ವಥಾ ಕೂಡದು. ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಆಳನ್ನು ಕೊಲ್ಲುತ್ತದೆ, ಎಥಿಲೀನ್ ಟೊಮ್ಯಾಟೊ ಹೂವನ್ನು ಉದುರಿಸುತ್ತದೆ.

ಒಳಗಿರುವಾಗ ತಲೆನೋವು, ಏದುಸಿರು, ಬೆವರು ಕಂಡರೆ ಆ ಕ್ಷಣವೇ ಹೊರಬನ್ನಿ. ಯಾರಾದರೂ ಒಳಗೆ ಬಿದ್ದಿದ್ದರೆ ಹಿಂದೆಯೇ ನುಗ್ಗಬೇಡಿ. ಹಗೇವಿನಲ್ಲಿ ಎರಡನೆಯವನು ಸಾಯುವುದೂ ಹೀಗೆಯೇ. ಹೊರಗಿನ ಕವಾಟ ಮುಚ್ಚಿ, ಫ್ಯಾನು ಹಾಕಿ, ಬಾಗಿಲು ಪೂರ್ತಿ ತೆರೆದು, 108ಕ್ಕೂ ಅಗ್ನಿಶಾಮಕದ 101ಕ್ಕೂ ಕರೆ ಮಾಡಿರಿ. ಫ್ಯಾನಿನ ಸ್ವಿಚ್ಚು ಬಾಗಿಲ ಹೊರಗಡೆ ಇದೆಯೇ ಎಂಬುದನ್ನು ಇಂದೇ ನೋಡಿಕೊಳ್ಳಿ.