ಮುಕ್ತ ಕೈಪಿಡಿಯನ್ನು ಕನ್ನಡಕ್ಕೆ ತರುವ ಮುನ್ನ

ಚಿತ್ರಗಳನ್ನು ತಿದ್ದಲು ಬಳಸುವ ಜಿಂಪ್ ತಂತ್ರಾಂಶ ನಿಮಗೆ ಗೊತ್ತಿರಬಹುದು. ಅದರ ಕೈಪಿಡಿಯ ನಾಲ್ಕು ಪುಟಗಳನ್ನು ಕನ್ನಡಿಸಿ, ಅಚ್ಚು ಹಾಕಿಸಿ, ತಾಲ್ಲೂಕಿನ ಶಾಲೆಗಳಿಗೆ ಹಂಚಬೇಕೆಂದಿದ್ದೀರಿ ಎನ್ನೋಣ. ಯಾರ ಅನುಮತಿ ಕೇಳಬೇಕು? ಯಾರದೂ ಬೇಡ; ಅನುಮತಿ ಕೈಪಿಡಿಯಲ್ಲೇ ಇದೆ. ಆದರೆ 'ಮುಕ್ತ' ಎಂದರೆ ವಾರಸುದಾರರಿಲ್ಲದ ಸೊತ್ತಲ್ಲ. ಹಕ್ಕುಸ್ವಾಮ್ಯ ಬರೆದವರಲ್ಲೇ ಉಳಿದಿರುತ್ತದೆ. ಷರತ್ತು ಪಾಲಿಸಿದವರಿಗಷ್ಟೇ ಅನುಮತಿ.

ಈ ಕೈಪಿಡಿಗಿರುವುದು ಗ್ನೂ ಮುಕ್ತ ದಾಖಲೆ ಪರವಾನಗಿ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅದನ್ನು 2000ದಲ್ಲಿ ಹೊರತಂದಿತು. ಅದರ ಪ್ರಕಾರ ಅನುವಾದವೂ ಒಂದು ಮಾರ್ಪಾಡೇ. ಆದ್ದರಿಂದ ಮೂಲ ಲೇಖಕರ ಹೆಸರು ಹಾಗೂ ಹಕ್ಕುಸ್ವಾಮ್ಯದ ಸೂಚನೆ ಇರಬೇಕು, ಮಾರ್ಪಾಡು ಮಾಡಿದವರು ಯಾರು, ಯಾವ ವರ್ಷ ಎಂಬ 'ಇತಿಹಾಸ' ಸೇರಬೇಕು, ನಿಮ್ಮ ಅನುವಾದವೂ ಅದೇ ಪರವಾನಗಿಯಲ್ಲಿ ಹೊರಬರಬೇಕು. ಇಷ್ಟು ನ್ಯಾಯವೇ. ತೊಡಕು ಮುಂದಿದೆ: ಪರವಾನಗಿಯ ಪೂರ್ಣ ಇಂಗ್ಲಿಷ್ ಪಾಠವನ್ನು ಪ್ರತಿಯೊಂದು ಪ್ರತಿಯಲ್ಲೂ ಅಚ್ಚು ಮಾಡಬೇಕು. ನಾಲ್ಕು ಪುಟದ ಪಾಠಕ್ಕೆ ಅದಕ್ಕಿಂತ ಉದ್ದದ ಬಾಲ!

ವಿಕಿಪೀಡಿಯ 2009ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯತ್ತ ಹೊರಳಲು ಈ ತೊಡಕೂ ಒಂದು ಕಾರಣ. ಲಿಬ್ರೆ ಆಫೀಸ್ ಮಾರ್ಗದರ್ಶಿಗಳನ್ನೂ ಅಂಥದೇ ಪರವಾನಗಿಯಲ್ಲಿ ಬಳಸಬಹುದು. ಅಲ್ಲಿ ಪುಟದ ಅಡಿಯಲ್ಲಿ ಲೇಖಕರ ಹೆಸರು, ಮೂಲದ ವಿಳಾಸ, ಪರವಾನಗಿಯ ಹೆಸರು ಮತ್ತು ಅದರ ವಿಳಾಸ ಕೊಟ್ಟು, 'ಕನ್ನಡಕ್ಕೆ ಅನುವಾದಿಸಿ ಸಂಕ್ಷೇಪಿಸಲಾಗಿದೆ' ಎಂದು ಬರೆದರೆ ಸಾಕು. ಮೂಲದಲ್ಲಿ ಹಕ್ಕುಸ್ವಾಮ್ಯದ ಸೂಚನೆಯಿದ್ದರೆ ಅದನ್ನೂ ಉಳಿಸಿ.

ಎರಡು ಪರವಾನಗಿಗಳ ಪಠ್ಯವನ್ನು ಮನಬಂದಂತೆ ಬೆರೆಸುವಂತಿಲ್ಲ. ನೀವು ಕನ್ನಡಿಸಿದ ಜಿಂಪ್ ಪುಟವನ್ನು, ಎಲ್ಲರ ಹೆಸರು ಹಾಕಿದರೂ, ಇಂದು ಕನ್ನಡ ವಿಕಿಪೀಡಿಯಕ್ಕೆ ಸೇರಿಸಲಾಗದು.