ಮೊಬೈಲ್ ವಿಡಿಯೊ ಕೇಳಿ ಎಲೆಕ್ಟ್ರಿಕ್ ಅಪ್‌ರೈಟ್ ಬೇಸ್ ಕೊಳ್ಳಬಹುದೇ?

ಎರಡು ವಾದ್ಯಗಳನ್ನು ಅಕ್ಕಪಕ್ಕ ನಿಲ್ಲಿಸಿ, ಎರಡರಲ್ಲೂ ಒಂದೇ ಧಾಟಿ ನುಡಿಸಿ, "ಒಂದು ದುಬಾರಿಯದು, ಇನ್ನೊಂದು ಅದರ ಕಾಲುಭಾಗ ಬೆಲೆಯದು, ಯಾವುದು ಯಾವುದು ಹೇಳಿ ನೋಡೋಣ" ಎಂದು ಸವಾಲು ಹಾಕುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಗಿಟಾರ್, ಕೀಬೋರ್ಡುಗಳ ಬಗ್ಗೆ ಇರುವಂತೆ ಎಲೆಕ್ಟ್ರಿಕ್ ಅಪ್‌ರೈಟ್ ಬೇಸ್ ಬಗ್ಗೆಯೂ ಇಂಥವು ಇವೆ. ಕೆಳಗಿನ ಕಮೆಂಟುಗಳಲ್ಲಿ ಒಂದೇ ಮಾತು: "ವ್ಯತ್ಯಾಸವೇ ಇಲ್ಲ, ಸುಮ್ಮನೆ ಅಗ್ಗದ್ದು ತಗೊಳ್ಳಿ."

ಹಾಗೆ ಬರೆದವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ವ್ಯತ್ಯಾಸ ಕೇಳಿಸಿರುವುದಿಲ್ಲ. ಆದರೆ ಅದಕ್ಕೆ ಕಾರಣ ವಾದ್ಯಗಳು ಒಂದೇ ರೀತಿ ಇರುವುದಲ್ಲ, ಕೈಯಲ್ಲಿರುವ ಫೋನು. ಬೇರೆ ವಾದ್ಯಗಳ ಮಟ್ಟಿಗೆ ಫೋನು ಅಷ್ಟೊಂದು ಮೋಸ ಮಾಡುವುದಿಲ್ಲ. ಬೇಸ್ ವಿಷಯದಲ್ಲಿ ಮಾತ್ರ ಅದು ಅರ್ಧ ಕಥೆಯನ್ನೇ ನುಂಗಿಬಿಡುತ್ತದೆ.

ಮೊದಲು ವಾದ್ಯದ ಪರಿಚಯ. ವಯೊಲಿನ್ ಮಾದರಿಯ ವಾದ್ಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಡಬಲ್ ಬೇಸ್. ಆಳೆತ್ತರಕ್ಕೂ ಮಿಗಿಲಾದ ಇದನ್ನು ನಿಂತುಕೊಂಡೋ ಎತ್ತರದ ಸ್ಟೂಲಿನ ಮೇಲೆ ಕುಳಿತೋ ನುಡಿಸುತ್ತಾರೆ. ಜಾಝ್ ತಂಡಗಳಲ್ಲಿ, ಪಾಶ್ಚಾತ್ಯ ಆರ್ಕೆಸ್ಟ್ರಾಗಳಲ್ಲಿ, ಹಳೆಯ ಸಿನಿಮಾ ಹಾಡುಗಳ ವಾದ್ಯವೃಂದದಲ್ಲಿ 'ಧುಂ ಧುಂ' ಎಂದು ತಳದಲ್ಲಿ ನಡೆಯುತ್ತಿರುತ್ತದಲ್ಲ, ಅದೇ ಇದು. ಇದರ ಟೊಳ್ಳು ಹೊಟ್ಟೆಯನ್ನು ತೆಗೆದುಹಾಕಿ, ಕುತ್ತಿಗೆ, ತಂತಿ, ಕುದುರೆಗಳನ್ನು ಒಂದು ಗಟ್ಟಿ ಕಡ್ಡಿಯಂಥ ದೇಹಕ್ಕೆ ಜೋಡಿಸಿ, ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಕೂರಿಸಿದರೆ ಎಲೆಕ್ಟ್ರಿಕ್ ಅಪ್‌ರೈಟ್ ಬೇಸ್ ಆಗುತ್ತದೆ. ಫ್ಲ್ಯಾಟಿನಲ್ಲಿ ರಾತ್ರಿ ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡಬಹುದು, ಚೀಲಕ್ಕೆ ಹಾಕಿ ಕಾರಿನಲ್ಲಿ ಒಯ್ಯಬಹುದು.

ಇದು ನಿನ್ನೆ ಮೊನ್ನೆಯ ಯೋಚನೆಯೂ ಅಲ್ಲ. 1940ರ ದಶಕದಲ್ಲಿ ಅಮೆರಿಕದ ಬೇಸ್ ವಾದಕ ಎವರೆಟ್ ಹಲ್, ವಾದ್ಯ ನೆಲಕ್ಕೆ ಊರುವ ಗೂಟದ ಮೂಲಕ ಅದರ ಹೊಟ್ಟೆಯೊಳಗೆ ಮೈಕ್ ನಿಲ್ಲಿಸಿದರು. 'ಆಂಪ್ಲಿಫೈಡ್ ಪೆಗ್' ಎಂಬ ಆ ಹೆಸರೇ ಮೊಟಕಾಗಿ 'ಆಂಪೆಗ್' ಕಂಪನಿಯಾಯಿತು. ಅದೇ ಕಂಪನಿ 1962ರಲ್ಲಿ ಪ್ಲಾಸ್ಟಿಕ್ ಮೈಯ 'ಬೇಬಿ ಬೇಸ್' ತಂದಿತು. ಅದು ಡಬಲ್ ಬೇಸಿನ ತದ್ರೂಪಿ ದನಿಯನ್ನೇನೂ ಕೊಡಲಿಲ್ಲ. ಆದರೂ ನ್ಯೂಯಾರ್ಕಿನ ಸಾಲ್ಸಾ ಸಂಗೀತಗಾರರಿಗೆ ಆ ಗುಮ್ಮೆನ್ನುವ ದನಿಯೇ ಇಷ್ಟವಾಗಿ, ಸಾಲ್ಸಾ ಎಂದರೆ ಬೇಬಿ ಬೇಸ್ ಎನ್ನುವಷ್ಟು ಬೇರೂರಿತು.

ಫೋನು ನುಂಗುವುದೇನು?

ಡಬಲ್ ಬೇಸಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಅವುಗಳ ಮೂಲ ಕಂಪನ ಸೆಕೆಂಡಿಗೆ ಸುಮಾರು 41, 55, 73 ಮತ್ತು 98 ಬಾರಿ, ಅಂದರೆ ಅಷ್ಟು ಹರ್ಟ್ಸ್. ಇಷ್ಟು ನಿಧಾನದ ಕಂಪನ ಜೋರಾಗಿ ಕೇಳಬೇಕಾದರೆ ಸ್ಪೀಕರು ತುಂಬಾ ಗಾಳಿಯನ್ನು ಹಿಂದೆ ಮುಂದೆ ತಳ್ಳಬೇಕು. ಫೋನಿನ ಸ್ಪೀಕರು ಉಗುರಿನಷ್ಟು ದೊಡ್ಡದು. ಕೆಲವು ನೂರು ಹರ್ಟ್ಸ್‌ಗಿಂತ ಕೆಳಗೆ ಅದು ಬೇಗ ಬೇಗ ಸೊರಗುತ್ತದೆ. ಡೊಳ್ಳು ಕುಣಿತವನ್ನು ಎದುರಿಗೆ ನಿಂತು ನೋಡಿದಾಗ ಎದೆಗೆ ಬಡಿಯುವ ಪೆಟ್ಟು, ಅದೇ ಕುಣಿತದ ವಿಡಿಯೊದಲ್ಲಿ 'ಟಕ ಟಕ' ಎಂದಷ್ಟೇ ಕೇಳುತ್ತದಲ್ಲ, ಇಲ್ಲೂ ಆಗುವುದು ಅದೇ.

ಹಾಗಾದರೆ ಬೇಸಿನ ಸ್ವರ ಫೋನಿನಲ್ಲಿ ಗುರುತು ಸಿಗುವುದಾದರೂ ಹೇಗೆ? ಇದು ನಮ್ಮ ಮಿದುಳಿನ ಚಮತ್ಕಾರ. 41 ಹರ್ಟ್ಸ್ ತಂತಿ ಬರೀ 41ರಲ್ಲಿ ಕಂಪಿಸುವುದಿಲ್ಲ. 82, 123, 165, 206 ಹೀಗೆ ಅದರ ಗುಣಕಗಳಲ್ಲೂ ಕಂಪಿಸುತ್ತದೆ. ಇವಕ್ಕೆ ಹಾರ್ಮಾನಿಕ್ಸ್ ಎನ್ನುತ್ತಾರೆ. ಬುಡದ ಕಂಪನ ಕಿವಿಗೆ ತಲುಪದಿದ್ದರೂ, ಮೇಲಿನ ಗುಣಕಗಳ ನಡುವಿನ ಅಂತರವನ್ನು ಹಿಡಿದು ಮಿದುಳು "ಇದು ಇಂಥ ಸ್ವರ" ಎಂದು ಊಹಿಸಿಕೊಳ್ಳುತ್ತದೆ. ಸ್ವರ ಸಿಕ್ಕಿತು, ಆದರೆ ತೂಕ ಸಿಗಲಿಲ್ಲ. ಎರಡು ವಾದ್ಯಗಳ ನಡುವಿನ ವ್ಯತ್ಯಾಸದ ದೊಡ್ಡ ಪಾಲು ಇರುವುದು ಆ ಕಾಣೆಯಾದ ಕೆಳಭಾಗದಲ್ಲೇ.

ನಂಬಿಕೆಯಾಗದಿದ್ದರೆ ಈಗಲೇ ಪರೀಕ್ಷಿಸಿ. ಯಾವುದಾದರೂ ಟೋನ್ ಜನರೇಟರ್ ಆ್ಯಪ್ ತೆರೆದು 41 ಹರ್ಟ್ಸ್ ಹಾಕಿ, ಫೋನಿನ ಸ್ಪೀಕರಿನಲ್ಲೇ ಕೇಳಿ. ಹೆಚ್ಚೆಂದರೆ ಒಂದು ಗೊರಗೊರ ಬರುತ್ತದೆ. ಈಗ ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಹಾಕಿ ಅದನ್ನೇ ಕೇಳಿ, ವಾಲ್ಯೂಮ್ ಕಡಿಮೆ ಇಟ್ಟುಕೊಂಡೇ ಶುರು ಮಾಡಿ. ಇಯರ್‌ಫೋನನ್ನು ಸ್ವಲ್ಪ ಸಡಿಲಿಸಿದರೆ ಆ ದನಿ ಮತ್ತೆ ಮಾಯ. (41 ಹರ್ಟ್ಸ್ ಅಲೆಯ ಉದ್ದ ಸುಮಾರು 8.3 ಮೀಟರ್, ಹಾಗಾಗಿ ಅಷ್ಟು ದೊಡ್ಡ ಕೋಣೆ ಇಲ್ಲದಿದ್ದರೆ ಅದು ಕೇಳಿಸುವುದೇ ಇಲ್ಲ ಎಂಬ ಇನ್ನೊಂದು ಮಾತೂ ಚಾಲ್ತಿಯಲ್ಲಿದೆ. ಕಿವಿಯ ತೂತಿನೊಳಗೇ ಕೇಳಿಸಿತಲ್ಲ, ಅಲ್ಲಿಗೆ ಅದೂ ಸುಳ್ಳಾಯಿತು.)

ವಿಡಿಯೊವನ್ನು ಚಿತ್ರೀಕರಿಸಿದ್ದೂ ಫೋನಿನಲ್ಲೇ ಆಗಿದ್ದರೆ ಇನ್ನೊಂದು ತೊಡಕು ಸೇರುತ್ತದೆ. ಫೋನಿನ ರೆಕಾರ್ಡಿಂಗು ಜೋರಿನ ದನಿಯನ್ನು ತಾನಾಗಿ ತಗ್ಗಿಸಿ ಸಣ್ಣ ದನಿಯನ್ನು ಏರಿಸುತ್ತದೆ. ಮಾತಿಗೆ ಇದು ಅನುಕೂಲ. ಆದರೆ ತಂತಿ ಮೀಟಿದ ದನಿ ಹೇಗೆ ಹುಟ್ಟಿ ಹೇಗೆ ಆರುತ್ತದೆ ಎಂಬುದು ವಾದ್ಯದ ವ್ಯಕ್ತಿತ್ವ, ಅದು ಅಲ್ಲಿ ಚಪ್ಪಟೆಯಾಗುತ್ತದೆ.

ಹಾಗೆಂದು 'ಕೆಳದನಿ ಹೆಚ್ಚಿದ್ದಷ್ಟೂ ಒಳ್ಳೆಯ ಬೇಸ್' ಎಂದೂ ತಿಳಿಯಬೇಡಿ. ಮರದ ಡಬಲ್ ಬೇಸ್ ಅಷ್ಟು ದೊಡ್ಡದಾದರೂ 41 ಹರ್ಟ್ಸ್‌ಗೆ ಅದೂ ಚಿಕ್ಕದೇ. ಅದರ ಹೊಟ್ಟೆಯ ಗಾಳಿ ಚೆನ್ನಾಗಿ ಅನುರಣಿಸುವುದು ಸುಮಾರು 60 ಹರ್ಟ್ಸ್ ಆಸುಪಾಸಿನಲ್ಲಿ. ಅತ್ಯಂತ ಕೆಳಗಿನ ಸ್ವರದ ಮೂಲ ಕಂಪನ ಅಲ್ಲೂ ದುರ್ಬಲ. ಆದ್ದರಿಂದ ಎಲೆಕ್ಟ್ರಿಕ್ ವಾದ್ಯ ಒಳ್ಳೆಯ ಸ್ಪೀಕರಿನಲ್ಲಿ ಅಸಲಿಗಿಂತ ಹೆಚ್ಚು ಗುಡುಗಬಹುದು, ಆದರೂ ಅಸಲಿಯಂತೆ ಕೇಳದಿರಬಹುದು. ಇನ್ನೊಂದು ವ್ಯತ್ಯಾಸವೂ ಇದೆ. ಟೊಳ್ಳು ಹೊಟ್ಟೆ ತಂತಿಯ ಶಕ್ತಿಯನ್ನು ಬೇಗ ಬೇಗ ಗಾಳಿಗೆ ಸುರಿಯುವುದರಿಂದ ಸ್ವರ ದಪ್ಪಗೆ ಹುಟ್ಟಿ ಬೇಗ ಆರುತ್ತದೆ. ಗಟ್ಟಿ ದೇಹ ಹಾಗೆ ಮಾಡುವುದಿಲ್ಲ, ಸ್ವರ ಎಳೆಯುತ್ತಲೇ ಇರುತ್ತದೆ. ಅಗ್ಗದ ಎಲೆಕ್ಟ್ರಿಕ್ ಅಪ್‌ರೈಟುಗಳು "ನಿಲ್ಲಿಸಿಟ್ಟ ಬೇಸ್ ಗಿಟಾರ್" ಎನ್ನಿಸುವುದಕ್ಕೆ ಇದು ಮುಖ್ಯ ಕಾರಣ. ಕುದುರೆಯ ಹತ್ತಿರ ತಂತಿಗಳ ಅಡಿಗೆ ಸ್ಪಂಜಿನ ತುಂಡು ತುರುಕಿದರೆ ಎಳೆತ ಕಡಿಮೆಯಾಗುತ್ತದೆ. ಖರ್ಚು ಹತ್ತು ರೂಪಾಯಿ.

ದೋಷ ವಾದ್ಯದ್ದೋ, ಜೋಡಣೆಯದ್ದೋ?

ಈ ಬಗೆಯ ವಾದ್ಯಗಳಲ್ಲಿ ಹೆಚ್ಚಿನವು ಬಳಸುವುದು ಪೀಜೋ ಪಿಕಪ್. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಗುಣವನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ತೋರಿಸಿಕೊಟ್ಟರು. ಕುದುರೆಯ ಕೆಳಗೆ ಅಥವಾ ಒಳಗೆ ಅಂಥ ಒಂದು ಚೂರು ಕುಳಿತಿರುತ್ತದೆ. ಇದಕ್ಕೊಂದು ತಕರಾರಿದೆ: ಅದು ಕೊಡುವ ಕರೆಂಟು ತೀರಾ ಕಡಿಮೆ. ಎದುರಿಗಿರುವ ಉಪಕರಣ ಹೆಚ್ಚು ಕರೆಂಟು ಎಳೆದರೆ ಮೊದಲು ಸಾಯುವುದು ಕೆಳಗಿನ ದನಿಗಳು.

ಲೆಕ್ಕ ಹಾಕಿ ನೋಡೋಣ. ಪಿಕಪ್‌ನ ಕೆಪಾಸಿಟೆನ್ಸ್ 1 ನ್ಯಾನೊಫ್ಯಾರಡ್ ಎಂದಿಟ್ಟುಕೊಳ್ಳಿ. ಅದನ್ನು 1 ಮೆಗಾಓಮ್ ಇನ್‌ಪುಟ್ ಇರುವ ಆಂಪ್ಲಿಫೈಯರಿಗೆ ನೇರವಾಗಿ ಸಿಕ್ಕಿಸಿದರೆ ಸುಮಾರು 159 ಹರ್ಟ್ಸ್‌ನಿಂದ ಕೆಳಗೆ ದನಿ ಇಳಿಯತೊಡಗುತ್ತದೆ. 41 ಹರ್ಟ್ಸ್ ತಲುಪುವಾಗ ವೋಲ್ಟೇಜು ಕಾಲುಭಾಗಕ್ಕೆ ಬಂದಿರುತ್ತದೆ. ಅದೇ ಪಿಕಪ್ಪನ್ನು 10 ಮೆಗಾಓಮ್ ಇನ್‌ಪುಟ್ ಇರುವ ಪ್ರೀಆಂಪ್‌ಗೆ ಸಿಕ್ಕಿಸಿದರೆ ಇಳಿತ ಶುರುವಾಗುವುದು 16 ಹರ್ಟ್ಸ್‌ನಲ್ಲಿ, ಅಂದರೆ ವಾದ್ಯಕ್ಕೆ ಬೇಕಾದ ಎಲ್ಲ ದನಿಯೂ ದಾಟಿ ಬರುತ್ತದೆ. ವಾದ್ಯ ಒಂದೇ, ಪಿಕಪ್ ಒಂದೇ, ನಡುವಿನ ಪುಟ್ಟ ಪೆಟ್ಟಿಗೆ ಮಾತ್ರ ಬೇರೆ. ಹಾಗಾಗಿ "ಅಗ್ಗದ ಬೇಸಿನ ದನಿ ತೆಳು" ಎಂದು ಯಾರಾದರೂ ಹೇಳಿದರೆ, ಅದನ್ನು ಯಾವುದಕ್ಕೆ ಸಿಕ್ಕಿಸಿದ್ದರು ಎಂದು ಕೇಳಿ. ವಾದ್ಯದೊಳಗೇ ಬ್ಯಾಟರಿಯ ಪ್ರೀಆಂಪ್ ಇದ್ದರೆ ಈ ಸಮಸ್ಯೆ ಬಹುಮಟ್ಟಿಗೆ ಮುಗಿದಂತೆ. ಇಲ್ಲದಿದ್ದರೆ ಪ್ರೀಆಂಪ್‌ನ ಬೆಲೆಯನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ.

ಕೆಲವು ಮಾದರಿಗಳಲ್ಲಿ ಬೇಸ್ ಗಿಟಾರಿನಂತೆ ಮ್ಯಾಗ್ನೆಟಿಕ್ ಪಿಕಪ್ ಇರುತ್ತದೆ. ಅದಕ್ಕೆ ಉಕ್ಕಿನ ತಂತಿಯೇ ಬೇಕು, ಕರುಳಿನ ಅಥವಾ ನೈಲಾನ್ ತಂತಿ ಹಾಕಿದರೆ ದನಿ ಬಾರದು.

ತಂತಿಯ ಉದ್ದ ಕೇಳದೆ ಹಣ ಕೊಡಬೇಡಿ

ನಮ್ಮ ಲೆಕ್ಕದಲ್ಲಿ ಹೋಲಿಕೆಯ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಇದು. ವಿಡಿಯೊಗಳಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವುದೂ ಇದನ್ನೇ. ಸಾಮಾನ್ಯ ಡಬಲ್ ಬೇಸಿನಲ್ಲಿ ಕಂಪಿಸುವ ತಂತಿಯ ಉದ್ದ ಸುಮಾರು 104ರಿಂದ 106 ಸೆಂಟಿಮೀಟರ್. ಎಲೆಕ್ಟ್ರಿಕ್ ಅಪ್‌ರೈಟುಗಳಲ್ಲಿ ಕೆಲವು ಇದನ್ನೇ ಪಾಲಿಸುತ್ತವೆ. ಇನ್ನು ಕೆಲವು ಬೇಸ್ ಗಿಟಾರಿನ ಅಳತೆಯಾದ 34 ಇಂಚು, ಅಂದರೆ 86 ಸೆಂಟಿಮೀಟರ್ ಚಿಲ್ಲರೆಗೆ ಇಳಿದಿರುತ್ತವೆ. ಫೋಟೊದಲ್ಲಿ ಎರಡೂ ಒಂದೇ ಥರ.

ಬೆರಳಿಗೆ ಮಾತ್ರ ಎರಡೂ ಬೇರೆ ಊರು. 106 ಸೆಂಟಿಮೀಟರ್ ತಂತಿಯಲ್ಲಿ ಮೊದಲ ಅರ್ಧಸ್ವರ ಸಿಗುವುದು ತುದಿಯಿಂದ ಸುಮಾರು 6 ಸೆಂಟಿಮೀಟರಿನಲ್ಲಿ. 86ರಲ್ಲಿ 5ಕ್ಕೂ ಮೊದಲೇ ಸಿಕ್ಕಿಬಿಡುತ್ತದೆ. ಈ ವಾದ್ಯಕ್ಕೆ ಗಿಟಾರಿನಂಥ ಮೆಟ್ಟಿಲುಗಳಿಲ್ಲ, ಬೆರಳಿನ ನೆನಪೇ ಆಧಾರ. ಮುಂದೆ ಡಬಲ್ ಬೇಸ್ ನುಡಿಸಬೇಕೆಂದು ಈಗ ಚಿಕ್ಕ ಅಳತೆಯದರಲ್ಲಿ ಎರಡು ವರ್ಷ ಕಲಿತವರ ಬೆರಳು, ದೊಡ್ಡದಕ್ಕೆ ಬಂದಾಗ ಪ್ರತಿ ಸ್ವರವನ್ನೂ ಒಂದಿಷ್ಟು ತಗ್ಗಿಸಿ ನುಡಿಸುತ್ತದೆ. ಅದನ್ನು ಮರೆಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ತಂತಿಯ ಬಿಗಿಯೂ ಬದಲಾಗುತ್ತದೆ. ಅದೇ ತಂತಿಯನ್ನು ಅದೇ ಸ್ವರಕ್ಕೆ 86ರಲ್ಲಿ ಕಟ್ಟಿದರೆ ಬಿಗಿ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, ಕೈಗೆ ಸಡಿಲ ಎನ್ನಿಸುತ್ತದೆ. ಬೇಸ್ ಗಿಟಾರಿನವರು ವೇದಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ನುಡಿಸುವುದಾದರೆ ಚಿಕ್ಕ ಅಳತೆಯೇ ಅವರಿಗೆ ಸುಖ.

ಕಮಾನಿನಿಂದ ನುಡಿಸುವ ಆಸೆ ಇದ್ದರೆ ಕುದುರೆಯ ಮೇಲಂಚು ಬಾಗಿದೆಯೇ ನೋಡಿ. ಚಪ್ಪಟೆಯಾಗಿದ್ದರೆ ನಡುವಿನ ತಂತಿಗಳಿಗೆ ಕಮಾನು ಒಂಟಿಯಾಗಿ ತಾಕುವುದೇ ಇಲ್ಲ.

ಮಾರುಕಟ್ಟೆಯಲ್ಲಿ ಹೆಚ್ಚು ಕೇಳಿಬರುವ ಹೆಸರುಗಳಲ್ಲಿ ಸ್ಟ್ಯಾಗ್ ಕೆಳಗಿನ ಬೆಲೆಯಲ್ಲಿದೆ, ಎನ್‌ಎಸ್ ಡಿಸೈನ್‌ನ ವೇವ್ ನಡುವಿನಲ್ಲಿ, ಯಮಾಹಾದ ಸೈಲೆಂಟ್ ಬೇಸ್ ಮೇಲೆ. ಮೂರೂ ದೊಡ್ಡ ತಂತಿ ಅಳತೆಯವೇ. ಆದರೆ ನಿಲ್ಲುವ ರೀತಿ ಬೇರೆ. ವೇವ್ ತನ್ನದೇ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ, ಯಮಾಹಾ ಡಬಲ್ ಬೇಸಿನಂತೆ ಚೌಕಟ್ಟಿನ ಮೂಲಕ ಮೈಗೆ ಒರಗುತ್ತದೆ. ಯಮಾಹಾದ ಎಸ್‌ಎಲ್‌ಬಿ 300 ಮಾದರಿ, ನಿಜವಾದ ಡಬಲ್ ಬೇಸನ್ನು ಮೈಕಿನಲ್ಲಿ ಹಿಡಿದ ದನಿಯ ಗುಣವನ್ನು ವಿದ್ಯುನ್ಮಾನವಾಗಿ ಸೇರಿಸುತ್ತದೆ. ಹೆಚ್ಚಿನ ಬೆಲೆಯ ಒಂದು ಭಾಗ ಹೋಗುವುದು ಅಲ್ಲಿಗೆ. ಡಬಲ್ ಬೇಸ್ ಕಲಿಯುವವರಿಗೆ ಮೈಗೆ ಒರಗುವ ಮಾದರಿ, ಪ್ರಯಾಣ ಮತ್ತು ವೇದಿಕೆಯವರಿಗೆ ಸ್ಟ್ಯಾಂಡಿನದು ಎಂಬುದು ನಮ್ಮ ಅಭಿಪ್ರಾಯ. ತೀರಾ ಅಗ್ಗದ್ದನ್ನು ಕೊಂಡರೆ ಕುದುರೆ ತಗ್ಗಿಸಲು, ಬೆರಳಹಲಗೆ ಸರಿಮಾಡಲು ಒಬ್ಬ ಕುಶಲಕರ್ಮಿಯ ಕೂಲಿ, ಹೊಸ ತಂತಿಗಳ ಬೆಲೆ ಸೇರುತ್ತದೆ. ಒಳ್ಳೆಯ ತಂತಿಯ ಒಂದು ಸೆಟ್ಟೇ ನಮ್ಮಲ್ಲಿ ಹತ್ತು ಸಾವಿರ ರೂಪಾಯಿ ದಾಟುತ್ತದೆ. ವಿದೇಶದಿಂದ ತರಿಸುವುದಾದರೆ ಸಾಗಣೆ, ಸುಂಕ, ಜಿಎಸ್‌ಟಿ ಬೇರೆ. ತಂತಿ ಬೆರಳಹಲಗೆಯಿಂದ ಅತಿ ಎತ್ತರದಲ್ಲಿದ್ದರೆ ಒತ್ತಿ ಒತ್ತಿ ಮಣಿಕಟ್ಟು ನೋಯುತ್ತದೆ, ಅದನ್ನು 'ಅಭ್ಯಾಸವಾದರೆ ಸರಿಹೋಗುತ್ತೆ' ಎಂದು ಸಹಿಸಬೇಡಿ.

ಅಂಗಡಿಗೆ ಹೋದಾಗ

ಎರಡು ವಾದ್ಯಗಳನ್ನು ಒಂದೇ ಆಂಪ್ಲಿಫೈಯರಿಗೆ, ಒಂದೇ ಕೇಬಲಿನಲ್ಲಿ ಸಿಕ್ಕಿಸಿಸಿ, ಟೋನ್ ಗುಬ್ಬಿಗಳನ್ನೆಲ್ಲ ನಡುವಿಗೆ ಇಡಿಸಿ. ಆಮೇಲೆ ಎರಡರ ಜೋರನ್ನು ಸಮ ಮಾಡಿ. ಸ್ವಲ್ಪ ಜೋರಾಗಿ ಕೇಳಿದ್ದು ನಮ್ಮ ಕಿವಿಗೆ 'ಉತ್ತಮ' ಎನಿಸುತ್ತದೆ, ಬೇಸಿನಲ್ಲಿ ಇದು ಇನ್ನೂ ಹೆಚ್ಚು. ಕೆಳದನಿಗಳಿಗೆ ನಮ್ಮ ಕಿವಿ ಮಂದ, ವಾಲ್ಯೂಮ್ ಏರಿಸಿದಂತೆ ಅವು ಉಳಿದ ದನಿಗಳಿಗಿಂತ ಬೇಗ ದಪ್ಪವಾಗುತ್ತವೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಪ್ರಕಟಿಸಿದ್ದಾರೆ. ಮಾರಾಟಗಾರರು ದುಬಾರಿಯದರ ವಾಲ್ಯೂಮನ್ನು ಒಂದು ಗೆರೆ ಮೇಲಿಟ್ಟರೂ ಸಾಕು, ತೀರ್ಪು ಅಲ್ಲೇ ಆಗಿಹೋಗುತ್ತದೆ. ನೀವೇ ಬೆನ್ನು ತಿರುಗಿಸಿ ನಿಂತು, ಜೊತೆಗಾರರಿಂದ ನುಡಿಸಿ ಕೇಳಿದರೆ ಇನ್ನೂ ವಾಸಿ.

ನಾಲ್ಕೂ ತಂತಿಗಳನ್ನು ಒಂದೇ ಬಲದಲ್ಲಿ ಮೀಟಿ. ಒಂದು ತಂತಿ ಮಂಕಾಗಿ ಕೇಳಿದರೆ ಪಿಕಪ್ ಸರಿಯಾಗಿ ಕೂತಿಲ್ಲ. ಪ್ರತಿ ತಂತಿಯನ್ನೂ ತುದಿಯಿಂದ ಕೊನೆಯವರೆಗೆ ಒತ್ತುತ್ತಾ ಹೋಗಿ, ಯಾವ ಜಾಗದಲ್ಲಾದರೂ ಝರ್ ಎಂದರೆ ಬೆರಳಹಲಗೆಯಲ್ಲಿ ಏರುತಗ್ಗು ಇದೆ. ಬಳಸಿದ ವಾದ್ಯವಾದರೆ ಬ್ಯಾಟರಿ ಗೂಡಿನಲ್ಲಿ ಹಸಿರು ತುಕ್ಕು ಇದೆಯೇ, ಸಿಕ್ಕಿಸಿದ ಕೇಬಲನ್ನು ಅಲುಗಾಡಿಸಿದರೆ ಕರಕರ ಬರುತ್ತದೆಯೇ ನೋಡಿ. ಆನ್‌ಲೈನಿನಲ್ಲೇ ಕೊಳ್ಳಬೇಕಾದರೆ, ಮಾರುವವರಿಂದ ಫೋನ್ ವಿಡಿಯೊ ಬದಲು ವಾದ್ಯದಿಂದ ನೇರವಾಗಿ ರೆಕಾರ್ಡ್ ಮಾಡಿದ ಆಡಿಯೊ ಕಡತ, ತಂತಿಯ ಉದ್ದ ಮತ್ತು ವಾಪಸಾತಿಯ ಷರತ್ತನ್ನು ಬರಹದಲ್ಲಿ ಕೇಳಿ ಪಡೆಯಿರಿ. ಆ ಆಡಿಯೊವನ್ನು ಇಯರ್‌ಫೋನಿನಲ್ಲೇ ಕೇಳಿ.